ಸಹಾಯ ಬೇಕು: ನುಡಿ ಫಾಂಟಿನಲ್ಲಿ ಮಾಡಿದ ಪಿಪಿಟಿ ಬೇರೆ ಕಂಪ್ಯೂಟರಲ್ಲಿ ಕೆಡುತ್ತಿದೆ

ನಮಸ್ಕಾರ ಎಲ್ಲರಿಗೂ. ನಾನು ಗದಗಿನವಳು, ಲಕ್ಕುಂಡಿ ಶಾಸನಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಹೋದ ವಾರ ಧಾರವಾಡದಲ್ಲಿ ಒಂದು ವಿಚಾರ ಸಂಕಿರಣ ಇತ್ತು. ಉದ್ಘಾಟನೆ, ಹಾರ, ಶಾಲು ಅಂತ ತಡವಾಗಿ ನನ್ನ 15 ನಿಮಿಷ 7ಕ್ಕೆ ಇಳಿಯಿತು, ಅದು ಹೋಗಲಿ ಬಿಡಿ, ಎಲ್ಲ ಕಡೆ ಇದ್ದದ್ದೇ. ಆದರೆ ಪೆನ್‌ಡ್ರೈವ್ ಹಾಕಿ ಸ್ಲೈಡ್ ತೆಗೆದರೆ ಕನ್ನಡವೇ ಇಲ್ಲ! ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿಯ ಫೋಟೊ ಕೆಳಗೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕಂತ ನಕ್ಕರು.

ನಾನು ಟೈಪ್ ಮಾಡಿದ್ದು ಹಳೆಯ ನುಡಿ ಫಾಂಟಿನಲ್ಲಿ, ಅಲ್ಲಿ ಅದು ಇರಲಿಲ್ಲ. ಪಿಡಿಎಫ್ ಮಾಡಿ ನೋಡಿದೆ, ಸರಿ ಬರುತ್ತದೆ, ಆದರೆ ಮುಂದಿನ ತಿಂಗಳು ಹಾವೇರಿಯಲ್ಲಿ ಇನ್ನೊಂದು ಇದೆ, ಅವರಿಗೆ ಪಿಪಿಟಿಯೇ ಬೇಕಂತೆ. ಕನ್ವರ್ಟರಿಗೆ ಹಾಕಿ ಯೂನಿಕೋಡ್ (ನುಡಿ ಫಾಂಟ್ ಇಲ್ಲದಿದ್ದರೂ ಕನ್ನಡ ಕಾಣುವ ಅಕ್ಷರ ವ್ಯವಸ್ಥೆ) ಮಾಡಿದರೆ ಕನ್ನಡವೇನೋ ಬಂತು, ನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡ ಅಕ್ಷರಗಳಾಗಿ ಕಲಸುಮೇಲೋಗರ ಆದವು. 42 ಸ್ಲೈಡ್ ಇವೆ, ಒಂದೊಂದೇ ತಿದ್ದುತ್ತಾ ಕೂತರೆ ಪ್ರಬಂಧ ಓದಿಕೊಳ್ಳುವುದು ಯಾವಾಗ?

ಇಂಗ್ಲಿಷ್ ಬಿಟ್ಟು ನುಡಿ ಭಾಗವನ್ನಷ್ಟೇ ಯೂನಿಕೋಡ್ ಮಾಡುವ ದಾರಿ ಇದೆಯಾ? ಇಲ್ಲ ಅಂದ್ರೆ, ಪಿಪಿಟಿ ಒಳಗೇ ಫಾಂಟ್ ಎಂಬೆಡ್ ಮಾಡಿ ಸೇವ್ ಮಾಡಿದರೆ ನುಡಿ ಇಲ್ಲದ ಕಂಪ್ಯೂಟರಲ್ಲೂ ಸರಿ ಕಾಣುತ್ತದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.