ಅಪ್‌ಡೇಟ್: ತೋಟ ಸೇರುತ್ತಿದ್ದ ಗಾಲ್ಫ್ ಚೆಂಡು ಈಗ ನೇರ ಹೋಗ್ತಿದೆ

ಡ್ರೈವರ್‌ನಲ್ಲಿ (ದೂರ ಹೊಡೆಯೋ ಉದ್ದನೆಯ ಗಾಲ್ಫ್ ಕೋಲು, ಅಂದರೆ ಕ್ಲಬ್) ಹೊಡೆದ ಚೆಂಡೆಲ್ಲ ಬಲಕ್ಕೆ ಬಾಗಿ ಕಾಫಿ ತೋಟ ಸೇರುತ್ತದೆ, ಏನು ಮಾಡಲಿ ಅಂತ ಮಳೆಗಾಲಕ್ಕೆ ಮುಂಚೆ ಕೇಳಿದ್ದೆ ಅಲ್ವಾ? ಒಬ್ಬರು ಕೆನಡಾದ ಗಾಲ್ಫ್ ಆಟಗಾರ ಮೋ ನಾರ್ಮನ್ ಅವರ ಸಿಂಗಲ್ ಪ್ಲೇನ್ ಸ್ವಿಂಗ್ (ಒಂದೇ ಗೆರೆಯಲ್ಲಿ ಕ್ಲಬ್ ಬೀಸೋ ರೀತಿ) ನೋಡಿ ಅಂದಿದ್ದರು. ನೋಡಿದೆ. ಕಾಲು ಅಗಲಿಸಿ, ಕೈ ಚಾಚಿ, ತೋಳು ಮತ್ತು ಕ್ಲಬ್ ಒಂದೇ ಗೆರೆಯಲ್ಲಿ ಇರುವಂತೆ ನಿಲ್ಲಬೇಕು, ಚೆಂಡಿಗೆ ಬಡಿಯುವಾಗಲೂ ಕ್ಲಬ್ ಹೆಚ್ಚುಕಮ್ಮಿ ಅದೇ ಗೆರೆಗೆ ಬರಬೇಕು. ಈ ಮಳೆಯಲ್ಲಿ ಎಲ್ಲಿಗೆ ಹೋಗೋದು, ಕಾಫಿ ಗೋದಾಮಿನಲ್ಲೇ ಚೆಂಡಿಲ್ಲದೆ ಸುಮ್ನೆ ಬೀಸುತ್ತಿದ್ದೆ. ಮಗಳು ವಿಡಿಯೋ ಮಾಡಿದಳು. ಆಗ ಗೊತ್ತಾಯಿತು, ನನ್ನ ಕ್ಲಬ್ ಚೆಂಡಿನ ಆಚೆ ಬದಿಯಿಂದ ನನ್ನ ಕಡೆಗೆ ಒಳಕ್ಕೆ ಬರುತ್ತಿತ್ತು, ಅದರ ಮುಖ ಆ ದಾರಿಗಿಂತ ಬಲಕ್ಕೆ ತೆರೆದೇ ಇರುತ್ತಿತ್ತು. ಸ್ಲೈಸ್ (ಚೆಂಡು ಹೀಗೆ ಬಲಕ್ಕೆ ಬಾಗೋದು) ಆಗದೆ ಇನ್ನೇನಾಗುತ್ತದೆ! ಹಿಡಿತವನ್ನೂ ಸ್ವಲ್ಪ ಬಲಕ್ಕೆ ತಿರುಗಿಸಿದೆ. ಕಳೆದ ಭಾನುವಾರ ಕೊಡಗಿನ ಬಿಟ್ಟಂಗಾಲದ ಗಾಲ್ಫ್ ಮೈದಾನದಲ್ಲಿ 10 ಹೊಡೆತದಲ್ಲಿ 7 ಫೇರ್‌ವೇನಲ್ಲೇ (ಹುಲ್ಲು ಕತ್ತರಿಸಿದ ನೇರ ದಾರಿಯಲ್ಲೇ) ಬಿದ್ದವು. ದೂರ ಸ್ವಲ್ಪ ಕಮ್ಮಿಯಾಗಿದೆ, ಪರವಾಗಿಲ್ಲ. ಪಟಿಂಗ್ (ಕುಳಿಯ ಹತ್ತಿರ ಚೆಂಡನ್ನು ಮೆಲ್ಲಗೆ ಉರುಳಿಸೋದು) ಬಗ್ಗೆ ಮಾತ್ರ ಕೇಳಬೇಡಿ.