ಅಟ್ಟದಲ್ಲಿದ್ದ 2008ರ ಪಿಸಿ: ಫ್ಯಾನ್ ತಿರುಗಿ ನಿಲ್ತದೆ, ಒಳಗಿನ ನುಡಿ ಫೈಲುಗಳು ಬೇಕು

ಕಡಲತಡಿ (ಮಲ್ಪೆ):
ಕೋರ್ 2 ಡ್ಯುಯೊ, ಜಿ31 ಮದರ್‌ಬೋರ್ಡ್, 1 ಜಿಬಿ ಡಿಡಿಆರ್2 ರ‍್ಯಾಮ್, 160 ಜಿಬಿ ಸಾಟಾ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಸುಮಾರು ಮಳೆಗಾಲ ಅಟ್ಟದಲ್ಲೇ ಕಳೆದಿದೆ. ಈಗ ಬಟನ್ ಒತ್ತಿದ್ರೆ ಫ್ಯಾನ್ ಎರಡು ಸೆಕೆಂಡ್ ತಿರುಗಿ ನಿಲ್ತದೆ, ಪುನಃ ತಾನೇ ಶುರುವಾಗ್ತದೆ, ಪುನಃ ನಿಲ್ತದೆ. ಬೀಪ್ ಇಲ್ಲ, ಡಿಸ್‌ಪ್ಲೇ ಇಲ್ಲ. ರ‍್ಯಾಮ್ ತೆಗೆದು ರಬ್ಬರಿನಲ್ಲಿ ಉಜ್ಜಿ ಹಾಕಿ ಆಯ್ತು. ತಂದೆಯವರು ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟ ಯಕ್ಷಗಾನ ಪ್ರಸಂಗಗಳು ಅದರಲ್ಲುಂಟು, ಅದೇ ಮುಖ್ಯ. ಪಿಸಿಯೂ ಸರಿಯಾದ್ರೆ ಮಕ್ಕಳಿಗೆ ಟೈಪಿಂಗ್ ಕಲೀಲಿಕ್ಕೆ ಆಗ್ತದೆ. ಎಲ್ಲಿಂದ ಶುರು ಮಾಡುವುದು?

ಸೋಲ್ಡರ್‌ಐರನ್ (ಉಡುಪಿ):
ಮೊದಲು ಪವರ್ ಕೊಡುವುದನ್ನು ನಿಲ್ಲಿಸಿ, ಡಿಸ್ಕನ್ನು ಕಳಚಿ ಹೊರಗಿಡಿ. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬ) ಹೀಗೆ ಆನ್ ಆಫ್ ಆಗುವಾಗ ಡಿಸ್ಕೂ ಪ್ರತಿ ಸಲ ತಿರುಗ್ಲಿಕ್ಕೆ ಹೊರಟು ಅರ್ಧಕ್ಕೆ ನಿಲ್ತದೆ. ಹಳೇ ಡಿಸ್ಕ್ ಸಾಯ್ಲಿಕ್ಕೆ ಅಷ್ಟೇ ಸಾಕು.

ನಮ್ಮ ಕರಾವಳಿಯಲ್ಲಿ ಧೂಳಿನ ಜೊತೆ ಉಪ್ಪೂ ಕೂತಿರ್ತದೆ. ಉಪ್ಪು ತೇವ ಎಳೀತದೆ, ಪಿನ್ನಿಂದ ಪಿನ್ನಿಗೆ ಕರೆಂಟ್ ಸೋರ್ತದೆ. ಒಣ ಪೇಂಟ್ ಬ್ರಶ್ಶಿನಲ್ಲಿ ಧೂಳು ತೆಗೆಯಿರಿ, ಹಸಿರು ಕಿಲುಬು ಕಂಡಲ್ಲಿ ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಟೂತ್‌ಬ್ರಶ್ಶಿನಲ್ಲಿ ತಿಕ್ಕಿ. ಮಳೆಗಾಲದಲ್ಲಿ ಫ್ಯಾನಿನ ಕೆಳಗಿಟ್ಟು ಪ್ರಯೋಜನ ಇಲ್ಲ, ಆ ಗಾಳಿಯೇ ಒದ್ದೆ. ಒಂದು ದಿನ ಎಸಿ ರೂಮಿನಲ್ಲಿಡಿ.

ಆಮೇಲೆ ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆ ಇರ್ಬೇಕು. ಉಬ್ಬಿದ್ರೆ ಅಥವಾ ಕಂದು ರಸ ಇಳಿದಿದ್ರೆ ಬದಲಾಯಿಸ್ಬೇಕು: ಮೈಕ್ರೊಫ್ಯಾರಡ್ ಅಷ್ಟೇ ಇರ್ಲಿ, ವೋಲ್ಟ್ ಕಡಿಮೆ ಇರ್ಬಾರ್ದು, 105 ಡಿಗ್ರಿಯ ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರುವಂಥದ್ದು) ಕೇಳಿ ತನ್ನಿ. ಪಟ್ಟೆ ಇರುವ ಬದಿ ಮೈನಸ್.

ನೀವು ಹೇಳಿದ ಲಕ್ಷಣಕ್ಕೆ ನನ್ನ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆಯೇ. ಬೋರ್ಡಿನಿಂದ ಎಲ್ಲ ಕನೆಕ್ಟರ್ ಬಿಡಿಸಿ, ಹಳೇ ಡಿವಿಡಿ ಡ್ರೈವ್ ಒಂದನ್ನು ಲೋಡ್ ಆಗಿ ಸಿಕ್ಕಿಸಿ. 24 ಪಿನ್ನಿನ ಹಸಿರು ವಯರನ್ನು ಯಾವುದಾದ್ರೂ ಕಪ್ಪು ವಯರಿಗೆ ಪೇಪರ್ ಕ್ಲಿಪ್ಪಿನಲ್ಲಿ ಸೇರಿಸಿ, ನಂತರ ಸ್ವಿಚ್ ಹಾಕಿ. ಮಲ್ಟಿಮೀಟರಿನಲ್ಲಿ ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47 ವೋಲ್ಟಿನೊಳಗೆ ಬರ್ಬೇಕು. ಬರದಿದ್ರೆ ಹೊಸತು ಹಾಕಿ, ಡಬ್ಬ ಬಿಚ್ಚಿ ರಿಪೇರಿಗೆ ಕೂರ್ಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ಉಳಿದಿರ್ಬಹುದು. ಹೊಸತು ಹಾಕುವಾಗ ಪ್ರೊಸೆಸರ್ ಹತ್ತಿರದ 4 ಪಿನ್ನಿನ 12 ವೋಲ್ಟ್ ಕನೆಕ್ಟರನ್ನು ಮರೀಬೇಡಿ.

ಬೂಟ್‌ಲೋಡರ್ (ಸುರತ್ಕಲ್):
ರಬ್ಬರ್ ಬೇಡ ಮಾರಾಯ್ರೆ. ರ‍್ಯಾಮಿನ ಕಾಲಿಗಿರುವ ಚಿನ್ನದ ಲೇಪ ಬಹಳ ತೆಳು, ಉಜ್ಜಿದಷ್ಟು ಸವೀತದೆ. ಅದು ಹೋದ್ರೆ ಈ ಉಪ್ಪುಗಾಳಿಗೆ ಅಡಿಯ ಲೋಹ ಬೇಗ ಕಿಲುಬು ಹಿಡೀತದೆ. ಅದೇ ಆಲ್ಕೋಹಾಲಿನಲ್ಲಿ ಬಟ್ಟೆ ಅದ್ದಿ ಒರೆಸಿದ್ರೆ ಸಾಕು.

ಎಸ್‌ಎಂಪಿಎಸ್ ಸರಿಯಾದ ಮೇಲೆ ಬೋರ್ಡಿನ ಪಿನ್ನಿಗೆ ಬೀಪ್ ಕೊಡುವ ಚಿಕ್ಕ ಸ್ಪೀಕರ್ ಸಿಕ್ಕಿಸಿ, ರ‍್ಯಾಮ್ ಇಲ್ಲದೆ ಆನ್ ಮಾಡಿ. ಬೀಪ್ ಬಂದ್ರೆ ಪ್ರೊಸೆಸರ್, ಬೋರ್ಡ್ ಜೀವಂತ ಉಂಟು ಅಂತ ಅರ್ಥ. ಹಾಗೆಯೇ ಬೋರ್ಡಿನ ಗಡಿಯಾರ ಓಡಿಸುವ ಸಿಆರ್2032 ಬಟನ್ ಸೆಲ್ ಹೊಸತು ಹಾಕಿ. ಸೆಲ್ ಸತ್ತಿದ್ರೆ ಪ್ರತಿ ಸಲ ತಾರೀಕು ಹಿಂದೆ ಹೋಗ್ತದೆ, ಬ್ರೌಸರ್ ಯಾವ ಸೈಟಿಗೂ ಸರ್ಟಿಫಿಕೇಟ್ ಸರಿಯಿಲ್ಲ ಅಂತ ಹೇಳ್ತದೆ.

ಡಿಸ್ಕಿಗೆ ಈ ಪಿಸಿಯನ್ನು ಕಾಯುವುದೇ ಬೇಡ. ಪ್ರತ್ಯೇಕ 12 ವೋಲ್ಟ್ ಅಡಾಪ್ಟರ್ ಇರುವ ಯುಎಸ್‌ಬಿ-ಸಾಟಾ ಕೇಬಲ್ ತನ್ನಿ. ಯುಎಸ್‌ಬಿಯ 5 ವೋಲ್ಟಿಗೆ ಮೂರೂವರೆ ಇಂಚಿನ ಡಿಸ್ಕ್ ತಿರುಗುವುದಿಲ್ಲ. ಲ್ಯಾಪ್‌ಟಾಪನ್ನು ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಎಂಬ ಡಿಸ್ಕ್ ನಕಲು ಮಾಡುವ ಪ್ರೋಗ್ರಾಮಿನಲ್ಲಿ ಇಡೀ ಡಿಸ್ಕಿನ ಇಮೇಜ್ (ಇದ್ದ ಹಾಗೇ ಪೂರ್ತಿ ನಕಲು) ಬೇರೆ ಡಿಸ್ಕಿಗೆ ತೆಗೆದು, ಫೈಲುಗಳನ್ನು ಆ ಇಮೇಜಿನಿಂದ ಹುಡುಕಿ. ವಿಂಡೋಸಿಗೆ ಸಿಕ್ಕಿಸಿ "ಫಾರ್ಮ್ಯಾಟ್ ಮಾಡ್ಬೇಕಾ" ಅಂತ ಕೇಳಿದ್ರೆ ಬೇಡ ಅನ್ನಿ. ಕಟಕಟ ಶಬ್ದ ಬಂದ್ರೆ ತಕ್ಷಣ ನಿಲ್ಲಿಸಿ.

ಕಡಲತಡಿ:
ಹಳದಿ ವಯರಿನಲ್ಲಿ 10.8 ವೋಲ್ಟ್. ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೆ ಉದ್ದ ಬೀಪ್ ಮತ್ತೆ ಮತ್ತೆ ಬಂತು, ರ‍್ಯಾಮನ್ನು ಇನ್ನೊಂದು ಸ್ಲಾಟಿಗೆ ಹಾಕಿದಾಗ ಡಿಸ್‌ಪ್ಲೇ ಬಂತು. ಇಮೇಜ್ ಪೂರ್ತಿ ಬಂದಿದೆ. ಆದ್ರೆ ಪ್ರಸಂಗಗಳನ್ನು ತೆರೆದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹಾಳಾಗಿದೆಯಾ?

ಬೂಟ್‌ಲೋಡರ್:
ಏನೂ ಹಾಳಾಗಿಲ್ಲ. ನುಡಿಯ ಹಳೇ ಫಾಂಟುಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದಾರೆ. ಇಮೇಜಿನಲ್ಲಿ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ಗೆ ಹೋಗಿ ನುಡಿ ಹೆಸರಿನ ಟಿಟಿಎಫ್ ಫೈಲುಗಳನ್ನೆಲ್ಲ ತಂದು ಇನ್‌ಸ್ಟಾಲ್ ಮಾಡಿ, ಪದ್ಯ ಪದ್ಯವೂ ಇದ್ದ ಹಾಗೇ ಕಾಣ್ತದೆ. ಹಾಗೆ ಕಂಡ ಪ್ರತಿಯನ್ನು ಮೊದಲು ಪಿಡಿಎಫ್ ಮಾಡಿಡಿ, ಯೂನಿಕೋಡಿಗೆ ಪರಿವರ್ತನೆ ಆಮೇಲೆ. ಕನ್ವರ್ಟರಿಗೆ ಕೊಡುವಾಗ ನಡುವೆ ಇಂಗ್ಲಿಷ್ ಪದಗಳಿದ್ರೆ ಬೇರೆ ತೆಗೆದಿಡಿ, ಇಲ್ಲದಿದ್ರೆ ಅವೂ ಅರ್ಥವಿಲ್ಲದ ಕನ್ನಡ ಆಗ್ತವೆ. ಅರ್ಕಾವತ್ತು, ಒತ್ತಕ್ಷರಗಳನ್ನು ಪಿಡಿಎಫ್ ಪಕ್ಕದಲ್ಲಿಟ್ಟು ತಾಳೆ ನೋಡಿ. ತಾಳ, ರಾಗದ ಹೆಸರುಗಳಲ್ಲಿ ತಪ್ಪು ಉಳಿದ್ರೆ ಹಾಡುವವರಿಗೇ ತೊಂದರೆ.

ಸೋಲ್ಡರ್‌ಐರನ್:
ಪಿಸಿಗೆ ಎರಡು 2 ಜಿಬಿ ಡಿಡಿಆರ್2 ಹಾಕಿ, ಜಿ31ಕ್ಕೆ 4 ಜಿಬಿಯೇ ಮಿತಿ. ಡಿಡಿಆರ್3 ತರ್ಬೇಡಿ, ಅದಕ್ಕೂ 240 ಪಿನ್, ಆದ್ರೆ ಕಚ್ಚಿನ ಜಾಗ ಬೇರೆ. 120 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿ, ಹಳೇ ಡಿಸ್ಕನ್ನು ಬದಿಗಿಡಿ. ಹೀಟ್‌ಸಿಂಕ್ ತೆಗೆದು ಒಣಗಿದ ಪೇಸ್ಟ್ ಒರೆಸಿ ಬಟಾಣಿಯಷ್ಟು ಹೊಸತು ಹಾಕಿ; ನಾಲ್ಕೂ ಪುಶ್‌ಪಿನ್ ಬೋರ್ಡಿನ ಹಿಂದೆ ಪೂರ್ತಿ ಇಳಿದಿದೆಯಾ ನೋಡಿ. ಎಕ್ಸ್‌ಪಿಗೆ 2014ರಿಂದ ಅಪ್‌ಡೇಟ್ ಇಲ್ಲ, ನೆಟ್ಟಿಗೆ ಸೇರಿಸ್ಬೇಡಿ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಇದರಲ್ಲಿ ಸಲೀಸಾಗಿ ಓಡ್ತದೆ. ಲಿನಕ್ಸಿನಲ್ಲಿ ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಐಬಸ್‌ನಲ್ಲಿ ಎಂ17ಎನ್ ಎಂಬ ಕೀಲಿಮಣೆಗಳ ಸಂಗ್ರಹ ಹಾಕಿ ಕನ್ನಡದ ಕೆಜಿಪಿ ಲೇಔಟ್ ಆರಿಸಿದ್ರೆ ಮಕ್ಕಳು ನುಡಿಯ ಕೀಲಿಮಣೆಯಲ್ಲೇ ಯೂನಿಕೋಡ್ ಟೈಪ್ ಮಾಡ್ಬಹುದು.