ಆಟಿಕೆಗಳಿಂದ ಹುಟ್ಟಿದ ಹಳೆಯ ಕಾರ್ಟೂನ್‌ಗಳನ್ನು ಮತ್ತೆ ತಂದಾಗ ಏಕೆ ನೆಲೆ ನಿಲ್ಲುವುದಿಲ್ಲ?

ಹಾಸನದ ವೀಕ್ಷಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಪ್ರಸಾರವಾಗುತ್ತಿದ್ದ, ಅಮೆರಿಕದ ಮ್ಯಾಟೆಲ್ ಕಂಪನಿಯ ಆಟಿಕೆ ಗೊಂಬೆಗಳಿಂದ ಹುಟ್ಟಿದ ‘ಹೀ-ಮ್ಯಾನ್’ ಕಾರ್ಟೂನನ್ನು ನೋಡಿ ಬೆಳೆದವರಲ್ಲಿ ನಾನೂ ಒಬ್ಬ. ಈಗ ನನ್ನ ಮಗನಿಗೆ ನೆಟ್‌ಫ್ಲಿಕ್ಸ್‌ನಲ್ಲಿ 2021ರಲ್ಲಿ ಬಂದ ಹೊಸ ಸರಣಿಯನ್ನು ತೋರಿಸಿದಾಗ, ಅವನು ಕೆಲವು ಕಂತುಗಳನ್ನು ಆಸಕ್ತಿಯಿಂದಲೇ ನೋಡಿದ. ಆದರೆ ಅದರ ಬಗ್ಗೆ ಶಾಲೆಯಲ್ಲಿ ಮಾತನಾಡುವವರು ಯಾರೂ ಇಲ್ಲದ್ದರಿಂದ ಆಸಕ್ತಿ ತಾನಾಗಿಯೇ ಆರಿಹೋಯಿತು.

ಇದು ನಮ್ಮೊಬ್ಬರ ಮನೆಯ ಸಂಗತಿ ಮಾತ್ರವಲ್ಲ ಎಂಬುದು ನನ್ನ ತಿಳಿವಳಿಕೆ. 1983ರ ಮೂಲ ‘ಹೀ-ಮ್ಯಾನ್’ ಎರಡು ವರ್ಷಗಳಲ್ಲಿ 130 ಕಂತುಗಳನ್ನು ಕಂಡಿತು. 2002ರ ಮರುಸೃಷ್ಟಿ 39 ಕಂತುಗಳಿಗೆ ನಿಂತಿತು. 1985ರ ‘ಥಂಡರ್‌ಕ್ಯಾಟ್ಸ್’ 2011ರಲ್ಲಿ ಹೊಸ ರೂಪದಲ್ಲಿ ಬಂದಾಗ ಚಿತ್ರಗಳೂ ಕಥೆಯೂ ಮೊದಲಿಗಿಂತ ಬಹಳ ಮೇಲುಮಟ್ಟದಲ್ಲಿದ್ದವು. ಅದೂ 26 ಕಂತುಗಳಿಗೆ ಮುಗಿಯಿತು. ಹಳೆಯ ಕಾರ್ಟೂನ್‌ಗಳನ್ನು ಇಂದು ನೋಡಿದರೆ ಅದೇ ಓಟ, ಅದೇ ನಗು, ಅದೇ ಹೊಡೆತದ ದೃಶ್ಯ ಮರಳಿ ಮರಳಿ ಬರುವುದು ಎದ್ದು ಕಾಣುತ್ತದೆ. ಹೀಗಿರುವಾಗ, ಸಾಧಾರಣವಾಗಿದ್ದದ್ದು ಗೆದ್ದು, ಉತ್ತಮವಾಗಿರುವುದು ಸೋಲುತ್ತಿರುವುದು ಏಕೆ? ಹಳೆಯ ನೆನಪಿನ ಮೋಹವೊಂದನ್ನೇ ಕಾರಣವೆನ್ನಲು ನನಗೆ ಮನಸ್ಸೊಪ್ಪುತ್ತಿಲ್ಲ. ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಸಕಲೇಶಪುರದ ಅನಿಮೇಟರ್

ಸರ್, ನಾನು ಅನಿಮೇಷನ್ ಕ್ಷೇತ್ರದಲ್ಲಿ ಕೆಲಸ ಮಾಡುವವನಾದ್ದರಿಂದ ಈ ಪ್ರಶ್ನೆ ನನ್ನನ್ನೂ ಬಹಳ ಕಾಲದಿಂದ ಕಾಡಿದೆ. ನನ್ನ ಅಭಿಪ್ರಾಯದಲ್ಲಿ ಆ ಕಾರ್ಟೂನ್‌ಗಳು ತಮ್ಮ ಕಥೆಯ ಬಲದಿಂದ ಗೆದ್ದವಲ್ಲ. ಅವನ್ನು ಗೆಲ್ಲಿಸಿದ್ದು ಅಮೆರಿಕದಲ್ಲಿ ಸುಮಾರು ಒಂದು ದಶಕ ಮಾತ್ರ ಇದ್ದ ಒಂದು ವ್ಯವಸ್ಥೆ.

ಅಲ್ಲಿ 1969ರಲ್ಲಿ ಮ್ಯಾಟೆಲ್ ಕಂಪನಿಯ ಆಟಿಕೆ ಕಾರುಗಳ ಹೆಸರಿನಲ್ಲಿಯೇ ‘ಹಾಟ್ ವೀಲ್ಸ್’ ಎಂಬ ಕಾರ್ಟೂನ್ ಬಂದಿತ್ತು. ಪ್ರತಿಸ್ಪರ್ಧಿ ಆಟಿಕೆ ಕಂಪನಿಯೊಂದು ದೂರು ನೀಡಿದಾಗ, ಕಾರ್ಯಕ್ರಮದ ಒಂದು ಭಾಗವನ್ನು ಜಾಹೀರಾತೆಂದೇ ಎಣಿಸಬೇಕೆಂಬ ನಿಲುವನ್ನು ಪ್ರಸಾರ ಮಾಧ್ಯಮವನ್ನು ನಿಯಂತ್ರಿಸುವ ಅಲ್ಲಿನ ಆಯೋಗವಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ತಳೆಯಿತು. ಆ ಬಳಿಕ ಹತ್ತು ವರ್ಷಕ್ಕೂ ಮಿಕ್ಕಿ ಯಾರೂ ಆ ದಾರಿಯಲ್ಲಿ ಮುಂದುವರಿಯಲಿಲ್ಲ. ರೇಗನ್ ಅವರು ಅಧ್ಯಕ್ಷರಾಗಿ, ಆಯೋಗದ ಹೊಣೆ ಮಾರ್ಕ್ ಫೌಲರ್ ಅವರ ಕೈಗೆ ಬಂದ ಮೇಲೆ ಗಾಳಿ ಬದಲಾಯಿತು. 1984ರಲ್ಲಿ ಮಕ್ಕಳ ಕಾರ್ಯಕ್ರಮಗಳ ನಡುವಿನ ಜಾಹೀರಾತಿಗಿದ್ದ ಕಾಲಮಿತಿಯನ್ನೂ ತೆಗೆದುಹಾಕಲಾಯಿತು. ‘ಹೀ-ಮ್ಯಾನ್’, ‘ಟ್ರಾನ್ಸ್‌ಫಾರ್ಮರ್ಸ್’, ‘ಜಿ.ಐ. ಜೋ’, ‘ಥಂಡರ್‌ಕ್ಯಾಟ್ಸ್’ ಎಲ್ಲವೂ ತೆರೆಗೆ ಬಂದದ್ದು ಇದೇ ಆಸುಪಾಸಿನ ವರ್ಷಗಳಲ್ಲಿ.

ಎರಡನೆಯದು ಪ್ರಸಾರದ ಕ್ರಮ. ದೊಡ್ಡ ಟಿವಿ ಜಾಲಗಳ ಶನಿವಾರದ ಬೆಳಗಿನ ಹೊತ್ತಿಗೆ ಕಾಯದೆ, ಊರೂರಿನ ಸ್ಥಳೀಯ ಕೇಂದ್ರಗಳಿಗೆ ಒಂದು ಋತುವಿನಲ್ಲಿ (ಸೀಸನ್) 65 ಕಂತುಗಳನ್ನು ಒಟ್ಟಾಗಿ ಮಾರುವ ಪದ್ಧತಿ ಆಗ ಬೆಳೆಯಿತು. ವಾರಕ್ಕೆ ಐದು ದಿನ ಪ್ರಸಾರ ಮಾಡಿದರೆ 65 ಕಂತುಗಳು 13 ವಾರಕ್ಕೆ ಸಾಲುತ್ತವೆ. ವರ್ಷಕ್ಕೆ ನಾಲ್ಕು ಸುತ್ತು ಹಾಕಬಹುದು. ಶಾಲೆಯಿಂದ ಮನೆಗೆ ಬಂದ ಮಗು ದಿನವೂ ಅದನ್ನೇ ನೋಡುತ್ತಿತ್ತು, ಮರುದಿನ ಎಲ್ಲ ಮಕ್ಕಳೂ ಅದೇ ಕಂತಿನ ಬಗ್ಗೆ ಮಾತನಾಡುತ್ತಿದ್ದರು. ನೀವು ಹೇಳಿದ ಮರಳಿ ಬರುವ ದೃಶ್ಯಗಳಿಗೂ ಇದೇ ಕಾರಣ: ಅಷ್ಟೊಂದು ಕಂತುಗಳನ್ನು ಅಷ್ಟು ಬೇಗ ಮುಗಿಸಲು ‘ಹೀ-ಮ್ಯಾನ್’ ತಯಾರಿಸಿದ ಫಿಲ್ಮೇಷನ್ ಸ್ಟುಡಿಯೋ ಒಮ್ಮೆ ಬರೆದ ಚಲನೆಯನ್ನು ಕಾಪಿಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತಿತ್ತು.

ಕಥೆ ಆಟಿಕೆಯ ಹಿಂದೆ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹೀ-ಮ್ಯಾನ್ ಸವಾರಿ ಮಾಡುವ ಹಸಿರು ಹುಲಿ ‘ಬ್ಯಾಟಲ್ ಕ್ಯಾಟ್’ ಯಾವ ಲೇಖಕನ ಕಲ್ಪನೆಯೂ ಅಲ್ಲ. ಮ್ಯಾಟೆಲ್‌ನ ‘ಬಿಗ್ ಜಿಮ್’ ಎಂಬ ಹಳೆಯ ಆಟಿಕೆ ಸಾಲಿನಲ್ಲಿ ಒಂದು ಹುಲಿಯ ಅಚ್ಚು ಇತ್ತು; ಅದು ಹೊಸ ಗೊಂಬೆಯ ಅಳತೆಗೆ ದೊಡ್ಡದಾಗಿದ್ದುದರಿಂದ, ಜೀನು ಕಟ್ಟಿ ವಾಹನವನ್ನಾಗಿ ಮಾಡಿದರು. ಟ್ರಾನ್ಸ್‌ಫಾರ್ಮರ್ಸ್ ಕೂಡ ಜಪಾನಿನ ತಕಾರ ಕಂಪನಿಯ ‘ಡಯಾಕ್ಲೋನ್’ ಮತ್ತು ‘ಮೈಕ್ರೋ ಚೇಂಜ್’ ಆಟಿಕೆಗಳಾಗಿದ್ದವು. ಅಮೆರಿಕದ ಆಟಿಕೆ ಕಂಪನಿ ಹ್ಯಾಸ್ಬ್ರೋ ಅವುಗಳನ್ನು ಪಡೆದು 1984ರಲ್ಲಿ ಮಾರುಕಟ್ಟೆಗೆ ತರುವ ಮುನ್ನ ಮಾರ್ವೆಲ್ ಸಂಸ್ಥೆಯ ಲೇಖಕರಿಂದ ಹೆಸರು, ಸ್ವಭಾವ, ಪೂರ್ವವೃತ್ತಾಂತಗಳನ್ನು ಬರೆಸಿತು.

ಆ ವ್ಯವಸ್ಥೆ ಈಗ ಉಳಿದಿಲ್ಲ. 1990ರ ಚಿಲ್ಡ್ರನ್ಸ್ ಟೆಲಿವಿಷನ್ ಆಕ್ಟ್ ಮಕ್ಕಳ ಕಾರ್ಯಕ್ರಮಗಳಲ್ಲಿ ಜಾಹೀರಾತನ್ನು ವಾರದ ದಿನಗಳಲ್ಲಿ ಗಂಟೆಗೆ 12 ನಿಮಿಷಕ್ಕೂ ವಾರಾಂತ್ಯದಲ್ಲಿ ಹತ್ತೂವರೆ ನಿಮಿಷಕ್ಕೂ ಮಿತಿಗೊಳಿಸಿತು. ನಂತರ ಕೇಬಲ್, ಅದರ ನಂತರ ಓಟಿಟಿ ಬಂದು, ಮಕ್ಕಳೆಲ್ಲರೂ ಒಂದೇ ಹೊತ್ತಿಗೆ ಒಂದೇ ಕಾರ್ಯಕ್ರಮ ನೋಡುವ ಅಭ್ಯಾಸವೇ ಹೋಯಿತು. ಈ ಸ್ಥಿತಿಯಲ್ಲಿ ಹಳೆಯ ಪಾತ್ರಗಳನ್ನು ತಂದು ಹಳೆಯ ಯಶಸ್ಸನ್ನು ಬಯಸುವುದು, ನೆರಳಿನ ಮರಗಳನ್ನೆಲ್ಲ ಕಡಿದ ತೋಟದಲ್ಲಿ ಅದೇ ಅರೇಬಿಕಾ ಗಿಡ ನೆಟ್ಟು ಅದೇ ಫಸಲನ್ನು ಕೇಳಿದಂತೆ.

ಚಿಕ್ಕಮಗಳೂರಿನ ಅಂಗಡಿಯವರು

ಅನಿಮೇಟರ್ ಅವರು ಹೇಳಿದ್ದಕ್ಕೆ ವ್ಯಾಪಾರದ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಚಿಕ್ಕಮಗಳೂರಿನಲ್ಲಿ ನಮ್ಮದು ಸ್ಟೇಷನರಿ ಮತ್ತು ಆಟಿಕೆಗಳ ಅಂಗಡಿ. ನಮ್ಮ ತಂದೆಯವರ ಕಾಲದಿಂದ ನಡೆಸಿಕೊಂಡು ಬಂದಿದ್ದೇವೆ.

ಆಗ ಹೀ-ಮ್ಯಾನ್ ಗೊಂಬೆಗಳನ್ನು ಲಿಯೋ ಕಂಪನಿ ಭಾರತದಲ್ಲಿಯೇ ತಯಾರಿಸಿ ಮಾರುತ್ತಿತ್ತು. ಜಿ.ಐ. ಜೋ ಗೊಂಬೆಗಳನ್ನು ಫನ್‌ಸ್ಕೂಲ್ ತಯಾರಿಸುತ್ತಿತ್ತು. ಬೆಲೆ ಆ ಕಾಲಕ್ಕೆ ಕಡಿಮೆಯೇನಲ್ಲ, ಆದರೂ ಹಬ್ಬಕ್ಕೋ ಪರೀಕ್ಷೆ ಪಾಸಾದದ್ದಕ್ಕೋ ಒಂದನ್ನು ಕೊಡಿಸಬಹುದಾಗಿತ್ತು. ಇಂದು ಹೊಸ ಸರಣಿಗಳ ಗೊಂಬೆಗಳು ಬಹುತೇಕ ಹೊರದೇಶದಿಂದಲೇ ಬರಬೇಕು. ಆಟಿಕೆಗಳ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರವು 2020ರಲ್ಲಿ ಶೇ. 20ರಿಂದ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿತು, 2021ರ ಜನವರಿಯಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುಣಮಟ್ಟದ ಪ್ರಮಾಣಪತ್ರವೂ ಕಡ್ಡಾಯವಾಯಿತು. ದೇಶೀಯ ತಯಾರಕರಿಗೆ ಇದರಿಂದ ಅನುಕೂಲವಾಗಿದೆ, ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಯಾರಿಗೂ ಪರಿಚಯವಿಲ್ಲದ ಪಾತ್ರದ ದುಬಾರಿ ಗೊಂಬೆಗಳನ್ನು ತರಿಸಿ ದುಡ್ಡು ಹಾಕಿ ಕೂರಲು ನಮ್ಮಂಥ ಊರಿನ ಅಂಗಡಿಗೆ ಸಾಧ್ಯವಿಲ್ಲ.

ಇನ್ನೊಂದು ತೊಡಕು ಕಾಲದ್ದು. ಓಟಿಟಿಯಲ್ಲಿ ಇಡೀ ಸರಣಿ ಒಂದೇ ದಿನ ಬರುತ್ತದೆ. ಮಗು ಎರಡು ವಾರದೊಳಗೆ ಅದನ್ನು ನೋಡಿ ಮುಗಿಸುತ್ತದೆ, ಕೇಳುವ ಉತ್ಸಾಹವೂ ಆ ಎರಡು ವಾರದ್ದೇ. ಡಿಸ್ಟ್ರಿಬ್ಯೂಟರ್ ಕಡೆಯಿಂದ ಮಾಲು ಬರುವಷ್ಟರಲ್ಲಿ ಮಗು ಬೇರೆ ಯಾವುದನ್ನೋ ನೋಡುತ್ತಿರುತ್ತದೆ. ದಿನಕ್ಕೊಂದು ಕಂತಿನಂತೆ ತಿಂಗಳುಗಟ್ಟಲೆ ನಡೆಯುತ್ತಿದ್ದ ಪ್ರಸಾರ ಅಂಗಡಿಗೆ ಕೊಡುತ್ತಿದ್ದ ಅವಕಾಶ ಬಹಳ ದೊಡ್ಡದು. ಅಮೆರಿಕದಲ್ಲಿಯೂ ಟಾಯ್ಸ್ ಆರ್ ಅಸ್ 2017ರಲ್ಲಿ ದಿವಾಳಿ ಅರ್ಜಿ ಹಾಕಿ, 2018ರಲ್ಲಿ ತನ್ನ ಮಳಿಗೆಗಳನ್ನು ಮುಚ್ಚಿತು. ಒಂದು ಸರಣಿಯ ಚಿಕ್ಕಪುಟ್ಟ ಪಾತ್ರಗಳವರೆಗೆ ಎಲ್ಲವನ್ನೂ ಸಾಲಾಗಿ ಜೋಡಿಸಿಡಬಲ್ಲ ಅಂಥ ಜಾಗ ಹೋದದ್ದು ಸಣ್ಣ ಸಂಗತಿಯಲ್ಲ.

2002ರ ಹೀ-ಮ್ಯಾನ್ ವಿಷಯದಲ್ಲಿ ಸಂಗ್ರಹಕಾರರು ಹೇಳುವ ದೂರೊಂದು ವ್ಯಾಪಾರಿಗಳಿಗೆ ತಕ್ಷಣ ಅರ್ಥವಾಗುತ್ತದೆ. ಬಣ್ಣವನ್ನೂ ಕವಚವನ್ನೂ ಬದಲಿಸಿದ ಹೀ-ಮ್ಯಾನ್ ಮತ್ತು ಅವನ ಶತ್ರು ಸ್ಕೆಲಿಟರ್ ಗೊಂಬೆಗಳೇ ಪೆಟ್ಟಿಗೆ ತುಂಬ ಬಂದವು. ಉಳಿದ ಪಾತ್ರಗಳು ಸಿಗುವುದೇ ಕಷ್ಟವಾಯಿತು. ನಾಯಕನ ಗೊಂಬೆ ಈಗಾಗಲೇ ಕೈಯಲ್ಲಿರುವ ಮಗು ಇನ್ನೊಬ್ಬ ನಾಯಕನನ್ನು ಏಕೆ ಕೊಳ್ಳಬೇಕು?

ನಮ್ಮಲ್ಲಿ ಗೆದ್ದದ್ದು ಇದಕ್ಕೆ ತಿರುವುಮುರುವಾದ ದಾರಿ. 2008ರಲ್ಲಿ ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ ತಂದ ‘ಛೋಟಾ ಭೀಮ್’ ಮೊದಲು ಕಾರ್ಟೂನ್ ಆಗಿ ಮಕ್ಕಳ ಮನಸ್ಸಿಗೆ ಬಂತು, ಸರಕು ಆಮೇಲೆ ಬಂತು. ಆ ಸರಕೂ ಗೊಂಬೆಗಿಂತ ಹೆಚ್ಚಾಗಿ ಸ್ಕೂಲ್ ಬ್ಯಾಗು, ನೀರಿನ ಬಾಟಲಿ, ಟಿಫನ್ ಬಾಕ್ಸು, ಜಾಮಿಟ್ರಿ ಬಾಕ್ಸುಗಳ ರೂಪದಲ್ಲಿ ನಮ್ಮ ಅಂಗಡಿಯಲ್ಲಿ ಹೋಗುತ್ತದೆ. ಜೂನ್ ತಿಂಗಳಿನಲ್ಲಿ ಹೇಗೂ ಕೊಳ್ಳಲೇಬೇಕಾದ ವಸ್ತುವಿನ ಮೇಲೆ ಮಗುವಿಗೆ ಬೇಕಾದ ಚಿತ್ರ ಇದ್ದರೆ ತಂದೆತಾಯಿ ಬೇಡವೆನ್ನುವುದಿಲ್ಲ.

ಮೂಡಿಗೆರೆಯ ಓದುಗಿ

ಇಬ್ಬರ ವಿವರಣೆಯೂ ಚೆನ್ನಾಗಿದೆ; ಆದರೆ ಕಥೆಗೆ ಏನೂ ಪಾತ್ರವಿಲ್ಲವೆಂಬಂತೆ ಚರ್ಚೆ ಸಾಗುತ್ತಿರುವುದನ್ನು ನಾನು ಒಪ್ಪಲಾರೆ. ಎಲ್ಲರೂ ಹುಡುಗರ ಗೊಂಬೆಗಳನ್ನೇ ಕುರಿತು ಮಾತನಾಡುತ್ತಿರುವುದರಿಂದ, ಯಶಸ್ವಿಯಾದ ಎರಡು ಮರುಸೃಷ್ಟಿಗಳು ಲೆಕ್ಕದಿಂದ ತಪ್ಪಿಹೋಗಿವೆ.

‘ಮೈ ಲಿಟಲ್ ಪೋನಿ’ 1983ರಲ್ಲಿ ಪುಟ್ಟ ಕುದುರೆಗಳ ಆಟಿಕೆಯಾಗಿ ಬಂದದ್ದು. 2010ರಲ್ಲಿ ಅನಿಮೇಷನ್ ಕಲಾವಿದೆ ಲಾರೆನ್ ಫೌಸ್ಟ್ ಅವರು ಅದನ್ನು ಹೊಸದಾಗಿ ರೂಪಿಸಿದರು. ಅವರು ಚಿಕ್ಕಂದಿನಲ್ಲಿ ಆ ಕುದುರೆಗಳೊಡನೆ ಆಡುವಾಗ ತಾವೇ ಒಂದೊಂದಕ್ಕೂ ಒಂದು ಸ್ವಭಾವ ಕಲ್ಪಿಸಿಕೊಂಡಿದ್ದುದಾಗಿ ಹೇಳಿದ್ದಾರೆ. ಸರಣಿಯ ಪಾತ್ರಗಳು ಮೈತಳೆದದ್ದು ಆ ಆಟದಿಂದ. ಓದಿನ ಹುಚ್ಚಿನವಳು, ನಾಚಿಕೆಯವಳು, ಜಂಬದವಳು, ಹೊಲದಲ್ಲಿ ದುಡಿಯುವವಳು ಹೀಗೆ ಪ್ರತಿಯೊಬ್ಬಳೂ ಬೇರೆ ಬೇರೆ ಹುಡುಗಿಯಾದಳು. ಆ ಸರಣಿ 2019ರವರೆಗೆ ಒಂಬತ್ತು ಋತುಗಳ ಕಾಲ ನಡೆಯಿತು. ದಿನನಿತ್ಯದ ಪ್ರಸಾರದ ಹಳೆಯ ವ್ಯವಸ್ಥೆ ಆಗ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನು, ‘ಷೀ-ರಾ’ 1985ರಲ್ಲಿ ಹೀ-ಮ್ಯಾನ್‌ನ ಸೋದರಿಯಾಗಿ ಬಂದವಳು. 2018ರಲ್ಲಿ ಎನ್.ಡಿ. ಸ್ಟೀವನ್‌ಸನ್ ಅವರು ಅವಳ ಕಥೆಯನ್ನು ಮತ್ತೆ ಬರೆದಾಗ, ಅವಳ ರೂಪ ಹಳೆಯದರಂತಿಲ್ಲವೆಂದು ವಯಸ್ಸಿಗೆ ಬಂದ ಕೆಲವು ಅಭಿಮಾನಿಗಳು ಸರಣಿ ಬರುವ ಮೊದಲೇ ಗಲಾಟೆ ಮಾಡಿದರು. ಆದರೂ ಅದು ಐದು ಋತುಗಳಲ್ಲಿ 52 ಕಂತುಗಳನ್ನು ಪೂರೈಸಿ, ತನ್ನ ಕಥೆಯನ್ನು ತಾನೇ ಮುಗಿಸಿತು. ಗೆಳತಿಯರಿಬ್ಬರು ಎದುರಾಳಿಗಳಾಗಿ ಮತ್ತೆ ಒಂದಾಗುವ ಕಥೆ ಅಲ್ಲಿ ಮುಖ್ಯವಾಗಿತ್ತೇ ಹೊರತು ಆಟಿಕೆಯ ಮಾರಾಟವಲ್ಲ.

ಆದ್ದರಿಂದ ನನಗೆ ಕಾಣುವ ದೊಡ್ಡ ತೊಂದರೆ ಬೇರೆ: ಸರಣಿ ಯಾರಿಗಾಗಿ ಎಂಬುದನ್ನು ಕಂಪನಿಗಳು ಸ್ಪಷ್ಟವಾಗಿ ನಿರ್ಧರಿಸಿಕೊಳ್ಳುವುದಿಲ್ಲ. 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ಎರಡು ಹೀ-ಮ್ಯಾನ್ ಸರಣಿಗಳು ಬಂದವು. ಕೆವಿನ್ ಸ್ಮಿತ್ ಅವರ ಒಂದು ಸರಣಿ 1983ರ ಕಥೆಯನ್ನು ಮುಂದುವರಿಸುತ್ತ ದೊಡ್ಡವರಿಗೆಂದು ಬಂದರೆ, ಪ್ರಶ್ನೆ ಕೇಳಿದವರ ಮಗ ಬಹುಶಃ ನೋಡಿದ ಇನ್ನೊಂದು ಮಕ್ಕಳಿಗೆಂದು ಬಂತು. ದೊಡ್ಡವರ ಸರಣಿಯಲ್ಲಿ ಹೀ-ಮ್ಯಾನ್ ಮೊದಲ ಭಾಗದ ಬಹುಪಾಲು ಕಾಣಿಸಿಕೊಳ್ಳದೆ, ಅವನ ಜೊತೆಗಾತಿಯಾದ ಯೋಧೆ ಟೀಲಾ ಮುನ್ನೆಲೆಗೆ ಬಂದದ್ದಕ್ಕೆ ಹಳೆಯ ಅಭಿಮಾನಿಗಳು ಕೆರಳಿದರು. ಸುದ್ದಿಯೆಲ್ಲ ಆ ಜಗಳದ ಸುತ್ತಲೇ ಸುತ್ತಿತು. ಮಕ್ಕಳ ಸರಣಿ ಬಂದದ್ದು ಎಷ್ಟೋ ಮನೆಗಳಿಗೆ ತಿಳಿಯಲೇ ಇಲ್ಲ. ನಲವತ್ತು ದಾಟಿದವರು ಸಂಗ್ರಹಕ್ಕಾಗಿ ದುಬಾರಿ ಗೊಂಬೆ ಕೊಳ್ಳುತ್ತಾರಾದ್ದರಿಂದ ಕಂಪನಿಗೆ ಅವರ ಮಾತು ಮೊದಲು ಕೇಳಿಸುತ್ತದೆ. ಎಂಟು ವರ್ಷದ ಮಗು ಯಾವ ಪತ್ರಿಕೆಗೂ ಪತ್ರ ಬರೆಯುವುದಿಲ್ಲ.

ಹಾಸನದ ವೀಕ್ಷಕ

ಮೂವರಿಗೂ ಕೃತಜ್ಞತೆಗಳು. ಮೇಡಂ ಊಹಿಸಿದ್ದು ಸರಿ, ಮಗ ನೋಡಿದ್ದು ಎರಡನೆಯ ಸರಣಿಯೇ. ಇನ್ನೊಂದು ಸಂದೇಹ ಉಳಿದಿದೆ. ಇದೇ ಕಾಲದಲ್ಲಿ ಹುಟ್ಟಿದ ‘ಟ್ರಾನ್ಸ್‌ಫಾರ್ಮರ್ಸ್’ ಮಾತ್ರ ಉಳಿದುಕೊಂಡದ್ದು ಹೇಗೆ? ನನ್ನ ಮಗನಿಗೂ ಅವನ ಜೊತೆಯ ಹುಡುಗರಿಗೂ ಅದರ ನಾಯಕ ರೋಬೋ ಆಪ್ಟಿಮಸ್ ಪ್ರೈಮ್ ಯಾರೆಂದು ಗೊತ್ತು. ಅದೇ ರೀತಿ ಬುಗುರಿಯಾಟದ ‘ಬೇಬ್ಲೇಡ್’ ಕೂಡ. ಹಾಸನಾಂಬೆಯ ದರ್ಶನದ ದಿನಗಳಲ್ಲಿ ಹಾಕುವ ಅಂಗಡಿಗಳಲ್ಲಿಯೂ ಅದರ ನಕಲುಗಳು ಕಾಣುತ್ತವೆ.

ಸಕಲೇಶಪುರದ ಅನಿಮೇಟರ್

ಟ್ರಾನ್ಸ್‌ಫಾರ್ಮರ್ಸ್ ದೀರ್ಘಕಾಲ ಮರೆಯಾಗಲೇ ಇಲ್ಲ ಎಂಬುದು ಮೊದಲ ಕಾರಣ. 1986ರ ಚಲನಚಿತ್ರದಲ್ಲಿ, ಹೊಸ ಆಟಿಕೆಗಳಿಗೆ ಜಾಗ ಮಾಡಿಕೊಡುವುದಕ್ಕಾಗಿ ಆಪ್ಟಿಮಸ್ ಪ್ರೈಮ್‌ನನ್ನೇ ಸಾಯಿಸಿದರು. ಮಕ್ಕಳು ಚಿತ್ರಮಂದಿರದಲ್ಲಿ ಅತ್ತರು, ತಂದೆತಾಯಂದಿರು ಪ್ರತಿಭಟಿಸಿದರು. ಮರುವರ್ಷ ಕಾರ್ಟೂನ್‌ನಲ್ಲಿ ಅವನನ್ನು ಬದುಕಿಸಬೇಕಾಯಿತು. ಸರಕಿಗೆ ಹುಟ್ಟಿದ ಪಾತ್ರ ಸರಕಿನ ಲೆಕ್ಕವನ್ನು ಮೀರಿ ಬೆಳೆದಿದ್ದುದು ಆಗ ಹ್ಯಾಸ್ಬ್ರೋಗೆ ತಿಳಿಯಿತು. 1996ರಲ್ಲಿ ‘ಬೀಸ್ಟ್ ವಾರ್ಸ್’ ಬಂದಾಗ ಕಾರು, ಲಾರಿಗಳನ್ನು ಬಿಟ್ಟು ಗೊರಿಲ್ಲಾ, ಡೈನೋಸಾರ್‌ಗಳನ್ನು ತಂದರು. ಕಂಪ್ಯೂಟರ್ ಅನಿಮೇಷನ್ ಇನ್ನೂ ಎಳೆಯದಾಗಿದ್ದ ಆ ದಿನಗಳಲ್ಲಿ ಇಡೀ ಸರಣಿಯನ್ನು ಅದರಲ್ಲಿಯೇ ಮಾಡಿದರು. ಅದು ಹಳೆಯದನ್ನು ಪೂಜಿಸುವ ಸರಣಿಯಾಗಿರಲಿಲ್ಲ. ಆಗಿನ ಮಕ್ಕಳಿಗೇ ಮಾಡಿದ್ದಾಗಿತ್ತು. 2007ರಲ್ಲಿ ಮೈಕಲ್ ಬೇ ಅವರ ಚಿತ್ರ ಬರುವ ಹೊತ್ತಿಗೆ ಬೇರೆ ಬೇರೆ ವಯಸ್ಸಿನ ಅಭಿಮಾನಿಗಳು ಈಗಾಗಲೇ ಇದ್ದರು.

ಎರಡನೆಯ ಕಾರಣ ಆಟಿಕೆಯಲ್ಲಿಯೇ ಇದೆ. ಹೀ-ಮ್ಯಾನ್ ಗೊಂಬೆ ಸುಂದರವಾದದ್ದು, ಗಟ್ಟಿಯಾದದ್ದು, ಆದರೆ ಕಥೆ ತಿಳಿಯದ ಮಗುವಿಗೆ ಅದು ಕತ್ತಿ ಹಿಡಿದ ಒಬ್ಬ ಮನುಷ್ಯನಷ್ಟೆ. ಲಾರಿಯನ್ನು ಮಡಿಸಿ ತಿರುಗಿಸಿ ರೋಬೋ ಮಾಡುವ ಆಟಿಕೆಗೆ ಕಥೆ ಬೇಕಿಲ್ಲ; ಕೈಗೆ ಸಿಕ್ಕ ಕೂಡಲೇ ಮಗು ಅದನ್ನು ಬಿಡಿಸಲು ಕೂರುತ್ತದೆ. ಬೇಬ್ಲೇಡ್ ಕೂಡ ಹಾಗೆಯೇ. ಜಪಾನಿನ ಹಳೆಯ ಬುಗುರಿಯಾಟವನ್ನು ತಕಾರ 1999ರಲ್ಲಿ ಬಿಡಿಭಾಗ ಜೋಡಿಸುವ ಆಟಿಕೆಯಾಗಿಸಿತು. 2015ರ ‘ಬರ್ಸ್ಟ್’ ಪೀಳಿಗೆಯಲ್ಲಿ ಪೆಟ್ಟು ಬಿದ್ದರೆ ಬುಗುರಿ ಸಿಡಿದು ಬಿಚ್ಚಿಕೊಳ್ಳುತ್ತದೆ, 2023ರ ‘ಎಕ್ಸ್’ ಪೀಳಿಗೆಯಲ್ಲಿ ಅಂಗಣದ ಅಂಚಿನ ಹಲ್ಲುಪಟ್ಟಿಗೆ ಕಚ್ಚಿಕೊಂಡು ಒಮ್ಮೆಗೇ ವೇಗ ಹೆಚ್ಚಿಸಿಕೊಳ್ಳುತ್ತದೆ. ಪ್ರತಿ ಪೀಳಿಗೆಯಲ್ಲಿಯೂ ಮೊದಲು ಆಟವನ್ನು ಬದಲಿಸುತ್ತಾರೆ, ಹೊಸ ಪಾತ್ರಗಳನ್ನು ಅದಕ್ಕೆ ಹೊಂದಿಸುತ್ತಾರೆ. ಹಿಂದಿನ ಸರಣಿ ನೋಡದ ಮಗುವೂ ಎದುರಿಗೊಬ್ಬ ಗೆಳೆಯನಿದ್ದರೆ ಆಡಬಹುದು.

ಇವೆರಡರಲ್ಲಿ ಒಂದೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2015ರ ‘ಜೆಮ್ ಅಂಡ್ ದ ಹೋಲೋಗ್ರಾಮ್ಸ್’ ಚಿತ್ರದಲ್ಲಿ ನೋಡಬಹುದು. 1985ರ ಮೂಲ ಕಾರ್ಟೂನ್‌ನಲ್ಲಿ ಧ್ವನಿಮುದ್ರಣ ಸಂಸ್ಥೆಯ ಒಡತಿಯಾದ ಯುವತಿ, ಚಿತ್ರರೂಪಗಳನ್ನು ಸೃಷ್ಟಿಸಬಲ್ಲ ಕಂಪ್ಯೂಟರಿನ ಸಹಾಯದಿಂದ ಗಾಯಕಿಯ ವೇಷ ತಾಳುತ್ತಿದ್ದಳು. ಚಿತ್ರದಲ್ಲಿ ಅವಳನ್ನು ಅಂತರ್ಜಾಲದ ಒಂದು ವಿಡಿಯೋದಿಂದ ಹೆಸರಾಗುವ ಹುಡುಗಿಯನ್ನಾಗಿ ಬದಲಿಸಿದರು. ಹಳೆಯ ಅಭಿಮಾನಿಗಳಿಗೆ ತಮ್ಮ ಜೆಮ್ ಕಾಣಲಿಲ್ಲ, ಹೊಸ ಹುಡುಗಿಯರಿಗೆ ಆ ಹೆಸರೇ ಹೊಸದಾಗಿತ್ತು, ಅಂಗಡಿಯಲ್ಲಿ ಆಡಲು ಗೊಂಬೆಗಳ ಸಾಲೂ ಇರಲಿಲ್ಲ. ಎರಡು ವಾರದಲ್ಲಿ ವಿತರಕರಾದ ಯೂನಿವರ್ಸಲ್ ಸಂಸ್ಥೆಯವರೇ ಅದನ್ನು ಚಿತ್ರಮಂದಿರಗಳಿಂದ ಹಿಂತೆಗೆದುಕೊಂಡರು.